ಒಂದೇ ಕಂಪ್ಯೂಟರು, ಮೂವರ ಓದು



ಇಚಲಕರಂಜಿಯ ಒಂದು ನೂಲಿನ ಅಂಗಡಿಯನ್ನು ಊಹಿಸಿಕೊಳ್ಳಿ. ಹೆಸರು ಬೇಡ. ಅಂಥ ಅಂಗಡಿ ಆ ಊರಿನಲ್ಲಿ ಓಣಿಗೆ ಒಂದಾದರೂ ಸಿಗುತ್ತದೆ. ಹಿತ್ತಲ ಕಡೆಯಿಂದ ಮಗ್ಗಗಳ ಖಟಖಟ ಸದ್ದು. ಒಳಗೆ ಗಾದಿಯ ಮಗ್ಗುಲಲ್ಲಿ ಒಂದು ಮೇಜು, ಮೇಲೊಂದು ಕಂಪ್ಯೂಟರ್. ಮಾಲೀಕರ ಮನೆಮಾತು ಕನ್ನಡ. ಆದರೆ ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರವನ್ನು ಅವರು ಕೂಡಿಸಿ ಕೂಡಿಸಿ ಓದಬೇಕು. ಲೆಕ್ಕ ಬರೆಯುವ ಹುಡುಗ ಚಿಕ್ಕೋಡಿ ಕಡೆಯವನು. ಅವನದು ಹತ್ತನೆಯ ಇಯತ್ತೆಯ ತನಕ ಕನ್ನಡ ಮಾಧ್ಯಮ. ಇನ್ನು ವರ್ಷದ ಲೆಕ್ಕ ತಪಾಸಣೆಗೆ ಕೊಲ್ಹಾಪುರದಿಂದ ಸಿ.ಎ. ಆಫೀಸಿನವರು ಬರುತ್ತಾರೆ. ಅವರಿಗೆ ಎಲ್ಲವೂ ಇಂಗ್ಲಿಷಿನಲ್ಲೇ ಬೇಕು.

ಮೂವರು, ಮೂರು ಓದು. ಕಂಪ್ಯೂಟರ್ ಮಾತ್ರ ಒಂದು. ಅದು ಅಂಗಡಿಗೆ ಬಂದ ದಿನದಿಂದ ಇಂಗ್ಲಿಷಿನಲ್ಲೇ ಇದೆ. ಯಾಕೆ ಎಂದು ಕೇಳಿದರೆ, "ಅದು ಬಂದಿದ್ದ ಹಂಗ ರೀ" ಎನ್ನುತ್ತಾರೆ. ಬಂದದ್ದು ಹಾಗೇ, ನಿಜ. ಆದರೆ ಹಾಗೇ ಇರಬೇಕಾಗಿಲ್ಲ. ಕುರ್ಚಿಯಲ್ಲಿ ಕೂತವರು ಯಾವ ಭಾಷೆ ಓದುತ್ತಾರೋ ಆ ಭಾಷೆ ಪರದೆಯ ಮೇಲೆ ಬರಬೇಕು. ಒಬ್ಬರು ಎದ್ದು ಇನ್ನೊಬ್ಬರು ಕೂತರೆ ಅದೂ ಬದಲಾಗಬೇಕು. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಬಹುಪಾಲು ತಂತ್ರಾಂಶಗಳಲ್ಲಿ ಈ ಅನುಕೂಲ ಒಳಗೇ ಇರುತ್ತದೆ. ಇಂದಿನ ಮಾತು ಇದರ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸೋಣ. "ನಮ್ಮ ಕಂಪ್ಯೂಟರಿನಲ್ಲಿ ಕನ್ನಡ ಐತಿ" ಎಂದು ಹೇಳುವವರು ಬಹಳ. ಏನಿದೆ ಎಂದು ನೋಡಿದರೆ ನುಡಿ ಇರುತ್ತದೆ, ಇಲ್ಲವೇ ಬರಹ ಇರುತ್ತದೆ. ಬರಹ 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದದ್ದು. ನುಡಿ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ್ದು. ಎರಡರಿಂದಲೂ ಕನ್ನಡಕ್ಕೆ ದೊಡ್ಡ ಉಪಕಾರವಾಗಿದೆ. ಆದರೆ ಇವು ಟೈಪು ಮಾಡುವುದಕ್ಕೆ. ಕೀಲಿ ಒತ್ತಿದರೆ ಕನ್ನಡ ಅಕ್ಷರ ಮೂಡುತ್ತದೆ, ಅಷ್ಟೇ. ಮೇಲಿನ ಮೆನು, ಕೆಳಗಿನ ಗುಂಡಿ, ನಡುವೆ ಧುತ್ತನೆ ಎದ್ದು ಬರುವ ಎಚ್ಚರಿಕೆಯ ಮಾತು, ಇವೆಲ್ಲ ಇಂಗ್ಲಿಷಿನಲ್ಲೇ ಉಳಿಯುತ್ತವೆ. ಹುಡುಗ ತಡವರಿಸುವುದೇ ಅಲ್ಲಿ. "ಉಳಿಸಲೋ ಬೇಡವೋ" ಎಂದು ಯಂತ್ರ ಕೇಳುತ್ತದೆ. ಪ್ರಶ್ನೆ ತಿಳಿಯದೆ ಅವನು "ಬೇಡ" ಒತ್ತುತ್ತಾನೆ. ಮಧ್ಯಾಹ್ನದ ಕೆಲಸ ಅಷ್ಟೂ ಹೋಯಿತು.

ಮೆನು, ಗುಂಡಿ, ಎಚ್ಚರಿಕೆ ಯಾವ ಭಾಷೆಯಲ್ಲಿ ಕಾಣುತ್ತವೋ ಅದು ಪರದೆಯ ಭಾಷೆ. ಕೀಲಿಮಣೆಯಿಂದ ಬರೆಯುವುದು ಬರವಣಿಗೆಯ ಭಾಷೆ. ಕಡತದಲ್ಲಿ ಆಗಲೇ ಬರೆದಿಟ್ಟದ್ದು ಮೂರನೆಯದು. ಒಂದನ್ನು ಬದಲಿಸಿದರೆ ಇನ್ನೆರಡು ತಾವಾಗಿ ಬದಲಾಗುವುದಿಲ್ಲ. ಕೊಲ್ಹಾಪುರ ಬೆಳಗಾವಿ ರಸ್ತೆಯಲ್ಲಿ ಮರಾಠಿ ಬೋರ್ಡಿನ ಬಸ್ಸೂ ಓಡುತ್ತದೆ, ಕನ್ನಡ ಬೋರ್ಡಿನ ಬಸ್ಸೂ ಓಡುತ್ತದೆ. ಬೋರ್ಡು ಬದಲಾದರೆ ಒಳಗೆ ಕೂತ ಪ್ರಯಾಣಿಕರು ಬದಲಾಗುವರೇ? ಇದೂ ಹಾಗೆಯೇ. ಪರದೆಯ ಭಾಷೆ ಕನ್ನಡವಾದರೆ ನಿಮ್ಮ ಮರಾಠಿ ಪತ್ರ ಮರಾಠಿಯಲ್ಲೇ ಇರುತ್ತದೆ. ಇಂಗ್ಲಿಷ್ ಬಿಲ್ಲು ಇಂಗ್ಲಿಷಿನಲ್ಲೇ ಇರುತ್ತದೆ. ಏನೂ ಅಳಿಯುವುದಿಲ್ಲ.

ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳ ಬಗ್ಗೆಯೂ ಒಂದು ಮಾತು. ಅವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಎಲ್ಲ ಕಲಸುಮೇಲೋಗರವಾಗಿ ಕಾಣುತ್ತದೆ. ಹಳೆಯ ಮರಾಠಿ ಅಕ್ಷರಶೈಲಿಗಳ ಪಾಡೂ ಇದೇ. ಪರದೆಯ ಭಾಷೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಅದಕ್ಕೆ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸುವ ಸಾಧನ ಬೇಕು. ನುಡಿ ಕಡತಗಳಿಗೆ ಬೇಕಾದ ಸಾಧನ ನುಡಿಯ ಜೊತೆಗೇ ಬರುತ್ತದೆ.

ಈವರೆಗೆ ಹೇಳಿದ್ದು ಇಷ್ಟು. ಪರದೆಯ ಭಾಷೆ ಬೇರೆ, ಬರೆಯುವ ಭಾಷೆ ಬೇರೆ, ಬರೆದಿಟ್ಟದ್ದು ಬೇರೆ. ನಮಗೆ ಈಗ ಬೇಕಾದದ್ದು ಪರದೆಯ ಭಾಷೆ. ಹಾಗಾದರೆ ಯಾರಿಗೆ ಯಾವ ಭಾಷೆ?

ಇದಕ್ಕೆ ನಮ್ಮ ಗಡಿಭಾಗದಲ್ಲಿ ಉತ್ತರ ಅಷ್ಟು ಸಲೀಸಲ್ಲ. ಬೆಂಗಳೂರಿನಲ್ಲಿ ಕೂತವರು ಥಟ್ಟನೆ ಹೇಳಿಬಿಡುತ್ತಾರೆ, ಕನ್ನಡಿಗರಿಗೆ ಕನ್ನಡ ಎಂದು. ಗಡಹಿಂಗ್ಲಜ ತಾಲೂಕಿಗೆ ಬಂದು ನೋಡಿ. ಹಿರಣ್ಯಕೇಶಿ ಹೊಳೆಯ ಆಚೀಚೆ ಹಲಕರ್ಣಿ, ನೂಲ ಮುಂತಾದ ಹಳ್ಳಿಗಳಿವೆ. ಅಲ್ಲಿ ಮನೆಯಲ್ಲಿ, ಹೊಲದಲ್ಲಿ ಕನ್ನಡ ಕೇಳುತ್ತದೆ. ಸಂಕೇಶ್ವರದ ಸಂತೆ ಹತ್ತಿರ. ಕೊಡುವುದು ಕೊಳ್ಳುವುದು ಎಲ್ಲ ಆ ಕಡೆಗೇ. ಆದರೆ ಶಾಲೆಯ ಪಾಟಿಯ ಮೇಲೆ ಅನೇಕರು ತಿದ್ದಿದ್ದು ಮರಾಠಿ. ಕನ್ನಡ ಮಾಧ್ಯಮವೂ ಮಹಾರಾಷ್ಟ್ರದಲ್ಲಿ ಉಂಟು. ಪುಣೆಯ ಬಾಲಭಾರತಿ ಸಂಸ್ಥೆ 1967ರಲ್ಲಿ ಶುರುವಾದದ್ದು. ಅದು ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಹಾಗಾಗಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಕನ್ನಡ ಓದಬಲ್ಲ, ಒಬ್ಬ ಓದಲಾರ. ಮಾತು ಇಬ್ಬರದೂ ಒಂದೇ.

ಪರದೆಯನ್ನು ಕಣ್ಣಿನಿಂದ ಓದುತ್ತೇವೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಆಡುವ ಭಾಷೆಯನ್ನು ನೋಡಬೇಡಿ, ಸರಾಗವಾಗಿ ಓದುವ ಲಿಪಿಯನ್ನು ನೋಡಿ. ನೂಲಿನ ಅಂಗಡಿಯ ಮಾಲೀಕರಿಗೆ ಮರಾಠಿ ಪರದೆ ಇಟ್ಟರೆ ಕನ್ನಡಕ್ಕೆ ದ್ರೋಹವಾಗುವುದಿಲ್ಲ. ಆ ಹುಡುಗನಿಗೆ ಕನ್ನಡ ಪರದೆ ಇಟ್ಟರೆ ಮರಾಠಿಗೆ ಅವಮಾನವೂ ಆಗುವುದಿಲ್ಲ. ಅಭಿಮಾನಕ್ಕಾಗಿ ಭಾಷೆ ಬದಲಿಸಿ, ಎರಡನೇ ದಿನಕ್ಕೇ ಇಂಗ್ಲಿಷಿಗೆ ಮರಳುವವರನ್ನು ಕಂಡಿದ್ದೇನೆ. ಅನುಕೂಲಕ್ಕಾಗಿ ಬದಲಿಸಿದವರು ಮರಳುವುದು ಕಡಿಮೆ.

ಈಗ ಬದಲಿಸುವುದು ಹೇಗೆ ಎಂಬ ಕಡೆಗೆ ಬರೋಣ. ಇಡೀ ಕಂಪ್ಯೂಟರಿಗೆ ಒಮ್ಮೆಲೇ ಕೈ ಹಾಕಬೇಡಿ. ದಿನವೂ ಬಳಸುವ ಒಂದು ತಂತ್ರಾಂಶದಿಂದ ಶುರುಮಾಡಿ. ವ್ಯಾಪಾರಿಗಳಾದರೆ ಅದು ಟ್ಯಾಲಿ.

ಟ್ಯಾಲಿಯ ಹುಟ್ಟಿಗೂ ಬಟ್ಟೆಯ ಉದ್ಯಮಕ್ಕೂ ನಂಟಿದೆ. ಶ್ಯಾಮಸುಂದರ ಗೋಯೆಂಕಾ ಎಂಬವರು ಬಟ್ಟೆ ಗಿರಣಿಗಳಿಗೂ ಕಾರ್ಖಾನೆಗಳಿಗೂ ಕಚ್ಚಾ ಮಾಲು, ಯಂತ್ರದ ಭಾಗಗಳನ್ನು ಒದಗಿಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಅವರಿಗೆ ಸಿಗಲಿಲ್ಲ. ಮಗ ಭರತನಿಗೆ, ನೀನೇ ಒಂದು ಬರೆದುಕೊಡು ಎಂದರು. 1986ರಲ್ಲಿ ಅಪ್ಪ ಮಗ ಕಂಪನಿ ಹೂಡಿದರು. ಇಂದು ಬೆಂಗಳೂರಿನ ಆ ತಂತ್ರಾಂಶ ಇಚಲಕರಂಜಿಯ ಗಾದಿಯ ಮೇಲೂ ಇದೆ, ಕೊಲ್ಹಾಪುರದ ಬೆಲ್ಲದ ಪೇಟೆಯ ಅಡತಿ ಅಂಗಡಿಯಲ್ಲೂ ಇದೆ. ಅದರಲ್ಲಿ ಕನ್ನಡ ಉಂಟು, ಮರಾಠಿ ಉಂಟು, ಹಿಂದಿ, ಗುಜರಾತಿ ಉಂಟು.

ಈಗಿನ ಟ್ಯಾಲಿ ಪ್ರೈಮಿನಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕೆ ಒತ್ತಿ. ಭಾಷೆಗಳ ಪಟ್ಟಿ ತೆರೆಯುತ್ತದೆ. ಬೇಕಾದ ಭಾಷೆ ಆರಿಸಿ. ಇದು ಪರದೆಯ ಭಾಷೆ. ಇನ್ನು ಕಂಟ್ರೋಲ್ ಹಿಡಿದು ಡಬ್ಲ್ಯೂ ಒತ್ತಿದರೆ ಬೇರೊಂದು ಪಟ್ಟಿ ಬರುತ್ತದೆ. ಅದು ಬರೆಯುವ ಭಾಷೆ. ಆಗಲೇ ಹೇಳಿದ ವ್ಯತ್ಯಾಸ ಇಲ್ಲಿ ಎರಡು ಕೀಲಿಗಳಾಗಿಯೇ ಕೂತಿದೆ ನೋಡಿ. ಹುಡುಗ ಕನ್ನಡ ಪರದೆಯಲ್ಲಿ ಕೂತು ಪಾರ್ಟಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಮಾಲೀಕರು ಬಂದಾಗ ಮತ್ತೆ ಕಂಟ್ರೋಲ್ ಕೆ, ಮರಾಠಿ. ಸಿ.ಎ. ಬಂದಾಗ ಕಂಟ್ರೋಲ್ ಕೆ, ಇಂಗ್ಲಿಷ್. ಜಮೆ ಖರ್ಚಿನ ಅಂಕಿ ಒಂದೂ ಅಲುಗುವುದಿಲ್ಲ.

ಲೆಕ್ಕದ ತಂತ್ರಾಂಶವಾಯಿತು. ಪತ್ರ ಬರೆಯುವುದಕ್ಕೆ ಏನು? ಅನೇಕ ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಲಿಬ್ರೆ ಆಫೀಸ್ ಇರುತ್ತದೆ. ಅದು 2010ರಿಂದ ಬಂದದ್ದು. ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಕನ್ನಡದ ಮೆನು ಇದೆ, ಮರಾಠಿಯದೂ ಇದೆ. ಆದರೆ ಒಂದು ತೊಡಕು. ಪಟ್ಟಿಯಲ್ಲಿ ಹುಡುಕಿದರೆ ಎಷ್ಟೋ ಸಲ ಕನ್ನಡ ಕಾಣುವುದಿಲ್ಲ. "ಇದರಾಗ ಕನ್ನಡ ಇಲ್ರಿ ಸರ್" ಎಂದು ಅಲ್ಲಿಗೇ ಕೈಬಿಡುತ್ತಾರೆ. ತಂತ್ರಾಂಶ ಹಾಕುವಾಗ ಅದು ಎರಡು ದಾರಿ ತೋರಿಸುತ್ತದೆ. ಒಂದು ಮಾಮೂಲಿ, ಇನ್ನೊಂದು ನಮ್ಮ ಇಚ್ಛೆಯದು. ಹಾಕುವವರು ಅವಸರದಲ್ಲಿ ಮಾಮೂಲಿ ಒತ್ತುತ್ತಾರೆ. ಆಗ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಭಾಷೆಯ ಮೆನು ಬರುತ್ತದೆ, ಕನ್ನಡದ್ದು ಹೊರಗೇ ಉಳಿಯುತ್ತದೆ. ಕಸ್ಟಮ್ ಎಂಬುದನ್ನು ಒತ್ತಿ, ಒಳಗೆ ಯೂಸರ್ ಇಂಟರ್‌ಫೇಸ್ ಭಾಷೆಗಳ ಸಾಲನ್ನು ಬಿಚ್ಚಿ, ಕನ್ನಡಕ್ಕೆ ಗುರುತು ಹಾಕಬೇಕು. ಈಗಾಗಲೇ ಹಾಕಿಯಾಗಿದ್ದರೂ ಚಿಂತೆಯಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಲಿಬ್ರೆ ಆಫೀಸನ್ನು ಆರಿಸಿ, ಮಾಡಿಫೈ ಎಂದರೆ ಅದೇ ಸಾಲು ಮತ್ತೆ ತೆರೆಯುತ್ತದೆ.

ಆಮೇಲೆ ಆಲ್ಟ್ ಕೀಲಿ ಹಿಡಿದು ಎಫ್ 12 ಒತ್ತಿ. ಒಂದು ದೊಡ್ಡ ಚೌಕ ತೆರೆಯುತ್ತದೆ. ಎಡಗಡೆ ಉದ್ದಕ್ಕೆ ವಿಷಯಗಳ ಸಾಲು. ಅದರಲ್ಲಿ ಭಾಷೆಯ ಸಾಲು ಹುಡುಕಿ. ಬಲಗಡೆ ಯೂಸರ್ ಇಂಟರ್‌ಫೇಸ್ ಎಂದಿರುವಲ್ಲಿ ಕನ್ನಡ ಆರಿಸಿ. ಮುಚ್ಚಿ ತೆರೆಯಲೇ ಎಂದು ಅದು ಕೇಳುತ್ತದೆ. ಹೂಂ ಅನ್ನುವ ಮೊದಲು ತೆರೆದಿಟ್ಟ ಪತ್ರಗಳನ್ನು ಉಳಿಸಿಕೊಳ್ಳಿ.

ಇಂಟರ್‌ನೆಟ್ ನೋಡುವ ಫೈರ್‌ಫಾಕ್ಸ್, ಕ್ರೋಮ್‌ಗಳದು ಸುಲಭ. ಎರಡರಲ್ಲೂ ಸೆಟ್ಟಿಂಗ್ಸ್ ಒಳಗೆ ಭಾಷೆ ಎಂಬ ಭಾಗವಿದೆ. ಕನ್ನಡವನ್ನು ಸೇರಿಸಿ ಆರಿಸಿದರೆ ಆಯಿತು. ಚಿತ್ರ, ಹಾಡು ಹಾಕುವ ವಿಎಲ್‌ಸಿಯಲ್ಲೂ ಹೀಗೆಯೇ.

ಒಂದೊಂದೇ ತಂತ್ರಾಂಶದ ಭಾಷೆ ಬದಲಿಸಿದ್ದಾಯಿತು. ಒಂದೆರಡು ವಾರ ಬಳಸಿ, ಕಣ್ಣಿಗೆ ರೂಢಿಯಾದ ಮೇಲೆ ವಿಂಡೋಸಿಗೆ ಕೈ ಹಾಕಿ. ಇಲ್ಲಿ ನಾನು ಒತ್ತಿ ಹೇಳುವ ಮಾತು ಒಂದಿದೆ. ಇದ್ದ ಖಾತೆಯ ಭಾಷೆಯನ್ನು ಬದಲಿಸಬೇಡಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಖಾತೆ ಮಾಡಿಕೊಡಿ. ವಿಂಡೋಸಿನಲ್ಲಿ ಪರದೆಯ ಭಾಷೆ ಆಯಾ ಖಾತೆಗೆ ಸೇರಿದ್ದು. ಮಾಲೀಕರ ಹೆಸರಿನ ಖಾತೆ ಮರಾಠಿ, ಹುಡುಗನದು ಕನ್ನಡ, ಮೂರನೆಯದು ಇಂಗ್ಲಿಷ್. ವಿಂಡೋಸ್ ಗುರುತಿನ ಕೀಲಿ ಹಿಡಿದು ಎಲ್ ಒತ್ತಿದರೆ ಬಾಗಿಲಿನ ಪರದೆಗೆ ಬರುತ್ತೀರಿ. ತಮ್ಮ ಹೆಸರು ಮುಟ್ಟಿ ಒಳಗೆ ಹೋದರೆ ತಮ್ಮ ಭಾಷೆ ಸಿಗುತ್ತದೆ.

ಹೊಸ ಖಾತೆಯೊಳಗೆ ಹೋದ ಮೇಲೆ ಭಾಷೆ ಬದಲಿಸುವ ದಾರಿ ಹೀಗಿದೆ. ವಿಂಡೋಸ್ ಕೀಲಿ ಹಿಡಿದು ಐ ಒತ್ತಿ. ಸೆಟ್ಟಿಂಗ್ಸ್ ತೆರೆಯುತ್ತದೆ. ಟೈಮ್ ಅಂಡ್ ಲ್ಯಾಂಗ್ವೇಜ್ ಎಂಬಲ್ಲಿ ಹೋಗಿ ಕನ್ನಡವನ್ನು ಸೇರಿಸಿ. ಇದಕ್ಕೆ ಇಂಟರ್‌ನೆಟ್ ಬೇಕು. ಇಳಿದು ಬಂದ ಮೇಲೆ ಪರದೆಯ ಭಾಷೆಯಾಗಿ ಆರಿಸಿ, ಹೊರಗೆ ಹೋಗಿ, ಮತ್ತೆ ಒಳಗೆ ಬನ್ನಿ. ಎಲ್ಲವೂ ಕನ್ನಡವಾಗುತ್ತದೆ ಎಂದು ತಿಳಿಯಬೇಡಿ. ಕನ್ನಡದ ಪದರ ಇಂಗ್ಲಿಷಿನ ಮೇಲೆ ಹೊದಿಸಿದ್ದು. ಅನುವಾದವಾಗದ ಕಡೆ ಕೆಳಗಿನ ಇಂಗ್ಲಿಷ್ ಇಣುಕುತ್ತದೆ. ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಡಿ.

ಅದೇ ಸೆಟ್ಟಿಂಗ್ಸ್‌ನಲ್ಲಿ ರೀಜನಲ್ ಫಾರ್ಮ್ಯಾಟ್ ಎಂಬ ಬೇರೊಂದು ಸಾಲಿದೆ. ತಾರೀಖು, ರೂಪಾಯಿ ಹೇಗೆ ಬರೆಯಬೇಕು ಎಂಬುದು ಅದರ ಕೆಲಸ. ಪರದೆಯ ಭಾಷೆಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಅಮೆರಿಕದ ಇಂಗ್ಲಿಷಿಗೆ ಬಿಟ್ಟರೆ ತಿಂಗಳು ಮೊದಲು, ದಿನ ಆಮೇಲೆ ಬರುತ್ತದೆ. ಜೂನ್ 5ರ ಬಿಲ್ಲು ಮೇ 6ರದು ಎಂದು ಓದಿಸಿಕೊಂಡರೆ ಉಧಾರಿಯ ಗಡುವು ಒಂದು ತಿಂಗಳು ಹಿಂದೆ ಸರಿಯಿತು. ನೂಲಿನ ವ್ಯಾಪಾರದಲ್ಲಿ ಜಗಳಕ್ಕೆ ಇಷ್ಟು ಸಾಕು. ಪರದೆ ಯಾವ ಭಾಷೆಯಲ್ಲೇ ಇರಲಿ, ಈ ಸಾಲಿನಲ್ಲಿ ಭಾರತ ಇರಲಿ.

ವಿಂಡೋಸಿನ ಬದಲು ಉಬುಂಟು ಎಂಬ ಲಿನಕ್ಸ್ ಬಳಸುವ ಶಾಲೆಗಳಿದ್ದರೆ ಅವರಿಗೊಂದು ಕಿವಿಮಾತು. ಭಾಷೆ ಬದಲಿಸಿ ಮತ್ತೆ ಒಳಗೆ ಬಂದಾಗ ಅದೊಂದು ಪ್ರಶ್ನೆ ಕೇಳುತ್ತದೆ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೊದಲಾದ ಕೋಶಗಳ ಹೆಸರನ್ನೂ ಹೊಸ ಭಾಷೆಗೆ ತಿರುಗಿಸಲೇ ಎಂದು. ಹಳೆಯ ಹೆಸರೇ ಇರಲಿ ಎನ್ನಿ. ಇಲ್ಲವಾದರೆ ನಾಳೆ ಬೇರೆ ಮಾಸ್ತರರು ಬಂದು ತಮ್ಮ ಕಡತ ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರುತ್ತಾರೆ.

ಲಿನಕ್ಸಿನ ಮಾತು ಬಂತು, ಹಾಗಾಗಿ ಒಂದು ಸೋಜಿಗ ಹೇಳಿಬಿಡುತ್ತೇನೆ. ಲಿನಕ್ಸಿನ ಕನ್ನಡ ಮೆನುಗಳಲ್ಲಿ ಬಹುಭಾಗ ಸಿದ್ಧವಾದದ್ದು ಬೆಂಗಳೂರಿನಲ್ಲಲ್ಲ, ಪುಣೆಯಲ್ಲಿ. ರೆಡ್ ಹ್ಯಾಟ್ ಕಂಪನಿಯ ಅಲ್ಲಿಯ ಕಚೇರಿಯಲ್ಲಿ ಭಾರತೀಯ ಭಾಷೆಗಳ ತಂಡವೇ ಇತ್ತು. ಕನ್ನಡ, ಮರಾಠಿ, ಗುಜರಾತಿ ಅನುವಾದಗಳು ಒಂದೇ ಸೂರಿನಡಿ ನಡೆದವು. ಆ ಮೆನುಗಳಲ್ಲಿ ಕನ್ನಡ ಪದದ ಮುಂದೆ ಕಂಸದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಕಡತ, ಪಕ್ಕದಲ್ಲಿ ಎಫ್. ಆಲ್ಟ್ ಹಿಡಿದು ಎಫ್ ಒತ್ತಿದರೆ ಆ ಮೆನು ತೆರೆಯುತ್ತದೆ. ಇಂಗ್ಲಿಷಿನಲ್ಲಿ ಕಲಿತ ಬೆರಳಿಗೆ ಕನ್ನಡದಲ್ಲೂ ಕೆಲಸ ತಪ್ಪಲಿಲ್ಲ. ಕಂಟ್ರೋಲ್ ಎಸ್ ಒತ್ತಿದರೆ ಉಳಿಯುವುದು, ಕಂಟ್ರೋಲ್ ಪಿ ಒತ್ತಿದರೆ ಅಚ್ಚಾಗುವುದು, ಎರಡೂ ಹಾಗೆಯೇ.

ಬೆರಳಿನ ಮಾತಿಗೆ ಇನ್ನೊಂದನ್ನು ಸೇರಿಸಬೇಕು. ಮರಾಠಿ ಟೈಪಿಂಗನ್ನು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕಲಿತವರು ನಮ್ಮ ಕಡೆ ಬಹಳ. ಆ ವಿನ್ಯಾಸವನ್ನು ಭಾರತೀಯ ಲಿಪಿಗಳಿಗೆಲ್ಲ ಒಂದೇ ಬಗೆಯಲ್ಲಿ ಮಾಡಿದ್ದಾರೆ. ದೇವನಾಗರಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ. ಇಂಗ್ಲಿಷಿನ ಎಚ್ ಕೀಲಿಯಲ್ಲಿ ಎರಡಕ್ಕೂ ಪ, ಜೆ ಕೀಲಿಯಲ್ಲಿ ಎರಡಕ್ಕೂ ರ. ಕನ್ನಡ ಅಕ್ಷರ ತಡವಿ ತಡವಿ ಓದುವ ನಮ್ಮ ಮಾಲೀಕರೂ ಮರಾಠಿಯ ಬೆರಳಿನಿಂದಲೇ ಕನ್ನಡ ಟೈಪು ಮಾಡಬಲ್ಲರು. ಹಾಗೆ ಬರೆಯುತ್ತಾ ಬರೆಯುತ್ತಾ ಓದು ಕುದುರಿದವರೂ ಇದ್ದಾರೆ.

ಇಷ್ಟೆಲ್ಲ ಇದ್ದರೂ ಜನ ಯಾಕೆ ಬದಲಿಸುವುದಿಲ್ಲ? ತಂತ್ರಾಂಶ ಜನರ ಭಾಷೆಯಲ್ಲಿ ಸಿಗಲೆಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕಾನೂನೇ ಇದೆ. 1977ರ ಫ್ರೆಂಚ್ ಭಾಷಾ ಕಾನೂನಿಗೆ 1997ರಲ್ಲಿ ಒಂದು ಕಲಮು ಸೇರಿಸಿದರು. ಫ್ರೆಂಚ್ ರೂಪ ಇರುವ ಯಾವ ತಂತ್ರಾಂಶವೂ, ಯಂತ್ರದಲ್ಲಿ ಹಾಕಿದ್ದಿರಲಿ ಬಿಡಿಯಾಗಿರಲಿ, ಫ್ರೆಂಚಿನಲ್ಲಿ ಸಿಗಲೇಬೇಕು ಎಂದು. ನಮ್ಮ ಕಡೆ ತೊಂದರೆ ಸಿಗುವುದರದ್ದಲ್ಲ, ಹೆದರಿಕೆಯದು. ಬದಲಿಸಿದ ಮೇಲೆ ಹಿಂದಕ್ಕೆ ಬರಲು ಆಗದಿದ್ದರೆ? ಈ ಹೆದರಿಕೆಯನ್ನು ನಕ್ಕು ತಳ್ಳಿಹಾಕಬಾರದು. ಯಾರೋ ಹುಮ್ಮಸ್ಸಿನ ಹುಡುಗರು ಬಂದು ಕಚೇರಿಯ ಯಂತ್ರವನ್ನು ಕನ್ನಡಕ್ಕೆ ತಿರುಗಿಸಿ ಹೋಗಿರುತ್ತಾರೆ. ಮರುದಿನ ಪ್ರಿಂಟರು ಎಲ್ಲಿದೆ ಎಂದು ಯಾರಿಗೂ ಸಿಗುವುದಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಇಂಗ್ಲಿಷ್ ಹೆಸರುಗಳನ್ನೇ ಹೇಳುತ್ತಾನೆ. ಪರದೆಯ ಮೇಲೆ ಆ ಹೆಸರು ಒಂದೂ ಇಲ್ಲ. ತಿರುಗಿಸಿ ಹೋದವರು ಮರಳುವ ದಾರಿ ತೋರಿಸಲಿಲ್ಲ. ತಪ್ಪು ಅವರದು, ಕನ್ನಡದ್ದಲ್ಲ.

ಹಾಗಾಗಿ ಬದಲಿಸುವ ಮೊದಲು ಮರಳುವ ದಾರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೆಸರುಗಳನ್ನು ಬರೆಯಬೇಡಿ. ಹೆಸರುಗಳು ಬದಲಾಗುತ್ತವೆ, ಜಾಗ ಬದಲಾಗುವುದಿಲ್ಲ. ವಿಂಡೋಸ್ ಮತ್ತು ಐ. ಎಡಗಡೆಯ ಸಾಲಿನಲ್ಲಿ ಗಡಿಯಾರದ ಚಿತ್ರ. ಮೇಲಿನಿಂದ ಎಷ್ಟನೆಯದು ಎಂಬ ಎಣಿಕೆ. ಹೀಗೆ ಕೀಲಿ, ಚಿತ್ರ, ಎಣಿಕೆ ಇಷ್ಟನ್ನೇ ಬರೆಯಿರಿ. ಟ್ಯಾಲಿಗೆ ಕಂಟ್ರೋಲ್ ಕೆ, ಲಿಬ್ರೆ ಆಫೀಸಿಗೆ ಆಲ್ಟ್ ಎಫ್ 12. ವಿಂಡೋಸಿನ ಭಾಷಾ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ. ಪರದೆ ಯಾವ ಭಾಷೆಗೆ ಹೋಗಿ ಸಿಕ್ಕಿಕೊಂಡರೂ ಆ ಪಟ್ಟಿಯ ತನಕ ಮುಟ್ಟಿದರೆ ಸಾಕು, ನಿಮ್ಮ ಅಕ್ಷರ ಕಣ್ಣಿಗೆ ಬೀಳುತ್ತದೆ. ಚೀಟಿಯನ್ನು ಪರದೆಯ ಅಂಚಿಗೆ ಅಂಟಿಸಿ. ಒಮ್ಮೆ ಹೋಗಿ ಬಂದು ನೋಡಿದ ಮೇಲೆಯೇ ಹುಡುಗನ ಕೈಗೆ ಯಂತ್ರ ಕೊಡಿ.

ತಂತ್ರಾಂಶದ್ದಾಯಿತು, ವಿಂಡೋಸಿನದಾಯಿತು, ಮರಳುವ ದಾರಿಯೂ ಆಯಿತು. ಇನ್ನುಳಿದದ್ದು ಹೊಸದಾಗಿ ಕೊಳ್ಳುವವರಿಗೆ. ಕೊಲ್ಹಾಪುರದ ರಾಜಾರಾಮಪುರಿಯಲ್ಲೋ ಗಡಹಿಂಗ್ಲಜದ ಪೇಟೆಯಲ್ಲೋ ಲ್ಯಾಪ್‌ಟಾಪ್ ನೋಡಲು ಹೋಗುತ್ತೀರಿ. ಅಂಗಡಿಯವರು ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ಹೇಳುತ್ತಾರೆ. ನೀವು ಇನ್ನೊಂದು ಕೇಳಿ: "ಸೆಟ್ಟಿಂಗ್ಸ್ ಒಳಗ ಸಿಸ್ಟಮ್, ಅದರಾಗ ಅಬೌಟ್ ತಗದು ತೋರಸ್ರಿ." ಅಲ್ಲಿ ವಿಂಡೋಸಿನ ಆವೃತ್ತಿಯ ಹೆಸರಿರುತ್ತದೆ. ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂದಿದ್ದರೆ ಆ ಯಂತ್ರ ಒಂದೇ ಭಾಷೆಯದು. ಅದರಲ್ಲಿ ವಿಂಡೋಸಿನ ಪರದೆಯ ಭಾಷೆ ಬದಲಿಸಲು ಬರುವುದಿಲ್ಲ. ಮೇಲಿನ ಆವೃತ್ತಿ ಬೇಕಾದರೆ ಮತ್ತೆ ದುಡ್ಡು ಕೊಡಬೇಕು. ಬರಿ ಹೋಮ್ ಅಥವಾ ಪ್ರೋ ಎಂದಿದ್ದರೆ ಎಷ್ಟು ಭಾಷೆ ಬೇಕಾದರೂ ಸೇರಿಸಬಹುದು. ಈಗಾಗಲೇ ಸಿಂಗಲ್ ಲ್ಯಾಂಗ್ವೇಜ್ ಕೊಂಡುಬಿಟ್ಟಿದ್ದೀರಾ? ಟ್ಯಾಲಿ, ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳಿಗೆ ಆ ಕಟ್ಟು ಇಲ್ಲ. ಅವು ಅಲ್ಲಿಯೂ ಕನ್ನಡದಲ್ಲಿ ತೆರೆದುಕೊಳ್ಳುತ್ತವೆ.